ಅವರೆಕಾಯಿ ಚೀಲದೊಳಗೆ ತಾಯಿ ಕಾರ್ಡು

"ಏನಮ್ಮಿ, ಇನ್ನೂ ಆಗ್ಲಿಲ್ವಾ?"

ಆತಗೂರಿನ ಚಂದನಳಿಗೆ ಹೊಟ್ಟೆಯ ಭಾರಕ್ಕಿಂತ ಈ ಮಾತಿನ ಭಾರವೇ ಜಾಸ್ತಿಯಾಗಿತ್ತು. ಡೇರಿಗೆ ಹಾಲು ಹಾಕಲು ಹೋಗುವವರು ಕೇಳಿದರು. ಹಾಕಿ ವಾಪಸು ಬರುವಾಗ ಅವರೇ ಇನ್ನೊಂದು ಸಲ ಕೇಳಿದರು, ಆ ಹತ್ತು ನಿಮಿಷದಲ್ಲಿ ಹೆರಿಗೆ ಆಗಿಬಿಟ್ಟಿರಬಹುದು ಎನ್ನುವ ಹಾಗೆ. ಗಂಡ ಯತೀಶ ಮಳವಳ್ಳಿಯಲ್ಲಿ ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್. ಅವನು ದಿನಕ್ಕೆ ಆರು ಸಲ ಫೋನು ಮಾಡಿ, "ಏನಾರ ಆಯ್ತಾ?" ಎಂದು ಕೇಳುತ್ತಿದ್ದ. ಏಳನೇ ಸಲ ಮಾಡಿದಾಗ ಚಂದನ, "ಆದ್ರೆ ನಿಂಗೂ ಯೋಳ್ತೀನಿ ಕಣಪ್ಪ, ಮೊದ್ಲು ಫೋನ್ ಮಡಗು," ಎಂದು ಗದರಿದಳು.

ಚೊಚ್ಚಲ ಬಸುರಿ. ಸೀಮಂತ ಮುಗಿಸಿಕೊಂಡು ತವರಿಗೆ ಬಂದವಳು. ದಿನ ತುಂಬಿ ಒಂದು ವಾರ ಮೇಲಾಗಿತ್ತು. ಮಗು ಒಳಗೆ ಕಾಲು ಚಾಚಿಕೊಂಡು ಹಾಯಾಗಿತ್ತೇ ಹೊರತು ಹೊರಡುವ ಸೂಚನೆ ಕೊಡಲಿಲ್ಲ. ಸೋಮವಾರ ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಪಾಸಣೆ ಮಾಡಿ, "ಇನ್ನು ಕಾಯೋದು ಬೇಡ. ಗುರುವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ. ನೋವು ಬರಿಸೋಣ," ಎಂದರು. ಚಂದನ ತಲೆಯಾಡಿಸಿದಳು. ಹಿಂದೆ ಇನ್ನೂ ಇಪ್ಪತ್ತು ಮಂದಿ ಸಾಲಿನಲ್ಲಿದ್ದರು, ಬಾಯಿಗೆ ಬಂದಿದ್ದ ಪ್ರಶ್ನೆ ಗಂಟಲಿಗೇ ವಾಪಸು ಹೋಯಿತು.

ನೋವು ಬರಿಸುವುದು ಎಂದರೇನು? ಕೇಳಬೇಕಾದವರನ್ನು ಬಿಟ್ಟು ಅವಳು ಊರನ್ನೆಲ್ಲ ಕೇಳಿದಳು. ಎದುರು ಮನೆಯವಳು, "ಅಯ್ಯೋ, ಡ್ರಿಪ್ ಆಕಿ ಬರ್ಸೋ ನೋವ? ಅದು ಸುಮ್ನೆ ನೋವಲ್ಲ ಕಣಮ್ಮಿ," ಎಂದಳು. ಇನ್ನೊಬ್ಬಳು, "ಕೊನೆಗೆ ಒಟ್ಟೆ ಕುಯ್ದೇ ತಗಿಯೋದು," ಎಂದಳು. ಉಳಿದದ್ದನ್ನು ಫೋನಿನ ವೀಡಿಯೋಗಳು ಹೇಳಿದವು. ಒಂದು ನೋಡಿದರೆ ಅದರ ಹಿಂದೆ ಇನ್ನೊಂದು, ಮೊದಲನೆಯದಕ್ಕಿಂತ ಭಯಂಕರ. ನೋಡಿ ನೋಡಿ ಅವಳಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಆಗ ಅವಳೊಂದು ಕೆಲಸ ಮಾಡಿದಳು. ತಾಯಿ ಕಾರ್ಡು ಇಲ್ಲದೆ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದುಕೊಂಡಿದ್ದಳು ಹುಚ್ಚು ಹುಡುಗಿ. ಬಸುರಿನ ತಪಾಸಣೆಯೆಲ್ಲ ಬರೆದಿಟ್ಟಿದ್ದ ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನ ಸಮೇತ ನಡುಮನೆಯ ಮೂಲೆಯಲ್ಲಿದ್ದ ಅವರೆಕಾಯಿ ಚೀಲದೊಳಗೆ ತುರುಕಿದಳು. ಕಾರ್ಡು ಸಿಗದಿದ್ದರೆ ಗುರುವಾರ ಶುಕ್ರವಾರವಾಗುತ್ತದೆ, ಶುಕ್ರವಾರ ಶನಿವಾರವಾಗುತ್ತದೆ, ಅಷ್ಟರಲ್ಲಿ ನೋವು ತಾನಾಗಿ ಬಂದರೂ ಬರಬಹುದು. ಬಿ.ಕಾಂ. ಓದಿದವಳ ಲೆಕ್ಕ ಇದು!

ಮಂಗಳವಾರ ಹತ್ತು ಗಂಟೆಗೆ ಆಶಾ ಕಾರ್ಯಕರ್ತೆ ಕುಲ್ಸುಮ್ ಬಂದಳು. ಆತಗೂರಿನಲ್ಲಿ ಯಾರ ಮನೆಯ ಬಸುರಿಗೆ ಎಷ್ಟು ತಿಂಗಳು ಎಂಬುದು ಗಂಡನಿಗೆ ಮರೆತರೂ ಕುಲ್ಸುಮಳಿಗೆ ಮರೆಯುವುದಿಲ್ಲ. ಜಗಲಿಯಲ್ಲಿ ಚಪ್ಪಲಿ ಬಿಡುವಾಗಲೇ ಕೂಗಿದಳು, "ಅಂಕಮ್ಮಕ್ಕಾ, ಬ್ಯಾಗ್ ರೆಡಿ ಮಾಡುದ್ರಾ? ಕಾರ್ಡ್ ಕೊಡಿ, ಒಂದ್ಸಲ ನೋಡ್ಬುಡ್ತೀನಿ."

ನಡುಮನೆಯಲ್ಲಿ ಚಂದನಳ ತಾಯಿ ಅಂಕಮ್ಮ, ಅಜ್ಜಿ ಮುದ್ದಮ್ಮ ಇಬ್ಬರೂ ಬೋಗುಣಿ ಮುಂದೆ ಕೂತು ಅವರೆಕಾಳು ಹಿದುಕುತ್ತಿದ್ದರು. ಹಿಂದಿನ ದಿನ ನೆನೆಹಾಕಿದ ಕಾಳು. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಈ ಕಡೆ, ಬೇಳೆ ಆ ಕಡೆ. ಅಂಕಮ್ಮ ಕೈ ಒರೆಸಿಕೊಂಡು ಎದ್ದು ಬೀರುವಿನಲ್ಲಿ ಹುಡುಕಿದಳು. ಕಾರ್ಡು ಇಲ್ಲ. ದಿಂಬಿನ ಕೆಳಗೆ ಇಲ್ಲ. ದೇವರ ಫೋಟೋದ ಹಿಂದೆ ಕರೆಂಟು ಬಿಲ್ಲು ಇತ್ತು, ಕಾರ್ಡು ಇರಲಿಲ್ಲ. ಅವಳ ಕಣ್ಣು ನಿಧಾನವಾಗಿ ಅತ್ತೆಯ ಕಡೆ ತಿರುಗಿತು.

"ಅತ್ತೆ, ನೀವೇನಾರ ಎತ್ ಮಡಗಿದ್ದೀರಾ?"

ಮುದ್ದಮ್ಮಳ ಮೇಲೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. ಸೋಮವಾರದಿಂದ ಅವಳದು ಒಂದೇ ರಾಗ. "ಕಾಯಿ ಅಣ್ಣಾದ್ರೆ ತಾನೇ ಬೀಳ್ತದೆ. ಕಿತ್ತು ಯಾಕೆ ಕೆಡುವ್ತೀರಿ? ನಾನು ಎಂಟು ಮಕ್ಳು ಎತ್ತೆ, ಎಂಟೂ ಈ ಮನೇಲೇ. ಯಾವ ಡಾಕ್ಟ್ರೂ ನಂಗೆ ತಾರೀಖು ಕೊಟ್ಟಿರ್ನಿಲ್ಲ."

ಈಗ ಅವಳಿಗೆ ರೇಗಿತು. "ನಂಗ್ಯಾಕಮ್ಮಿ ನಿನ್ನ ಕಾರ್ಡು? ಅದ್ನೇನು ಸಾರಿಗೆ ಆಕ್ಲಾ? ಬೇಡ ಅಂತ ಬಾಯಲ್ಲಿ ಅಂದಿದ್ದೀನಿ, ಕದ್ದು ಮಡಗೋ ಬುದ್ಧಿ ನಮ್ಮಪ್ಪ ಕಲಿಸ್ನಿಲ್ಲ!"

ಗೋಡೆಗೆ ಒರಗಿ ಕೂತಿದ್ದ ಚಂದನ ತಲೆ ಎತ್ತಲಿಲ್ಲ.

ಕುಲ್ಸುಮ್ ಇಬ್ಬರನ್ನೂ ಸುಮ್ಮನಿರಿಸಿದಳು. "ಆಗ್ಲಿ ಬುಡಿ, ಸಿಗ್ತದೆ. ಸಿಗ್ದಿದ್ರೂ ಗುರುವಾರ ಓಗಾದೇ. ಎಲ್ಲಾ ಕಂಪ್ಯೂಟರಲ್ಲಿ ಅದೆ, ನನ್ನ ಪುಸ್ತಕ್ದಲ್ಲೂ ಅದೆ. ಎರ್ಗೆಗೆ ಬಂದೋರ್ನ ಕಾರ್ಡಿಲ್ಲ ಅಂತ ಯಾರು ವಾಪಸ್ ಕಳುಸ್ತಾರೆ? ನಿಮ್ ಜೊತೆ ನಾನೂ ಒಂದೀಟು ಕಾಯಿ ಸುಲಿತೀನಿ, ಬುಡಿ."

ಹೀಗೆ ಹೇಳಿ ಅವಳು ಮೂಲೆಯ ಚೀಲವನ್ನೇ ಎಳೆದುಕೊಂಡಳು.

"ಅಕ್ಕ, ಆ ಕಾಯಿ ಚೆಂದಾಗಿಲ್ಲ," ಎಂದಳು ಚಂದನ.

"ಯಾರಂದೋರು? ಸೊಗಡು ಬೀದಿಗಂಟ ಒಡಿತಾ ಅದೆ," ಎನ್ನುತ್ತ ಕುಲ್ಸುಮ್ ಮೊಣಕೈವರೆಗೂ ಕೈ ಇಳಿಸಿದಳು. ಒಂದು ಹಿಡಿ ಕಾಯಿ ತೆಗೆದಳು. ಇನ್ನೊಂದು ಹಿಡಿ. ಮೂರನೇ ಸಲಕ್ಕೆ ಕಾಯಿಯ ಜೊತೆ ಪ್ಲಾಸ್ಟಿಕ್ ಕವರು ಬಂತು.

ಅಂಕಮ್ಮ ಅತ್ತೆಯ ಮುಖ ನೋಡಿದಳು. ಮುದ್ದಮ್ಮ ಬಾಯಿ ತೆರೆದು ದೊಡ್ಡ ಬೈಗುಳವೊಂದನ್ನು ಸಿದ್ಧ ಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚಂದನ ಗೊಳೋ ಎಂದು ಅತ್ತುಬಿಟ್ಟಳು.

"ಅಜ್ಜಿ ಅಲ್ಲ, ನಾನೇ ಮಡಗಿದ್ದು. ನಂಗೆ ಎದ್ರಿಕೆ ಕಣವ್ವ. ನಾನು ಓಗಾಕಿಲ್ಲ."

ಅಂಕಮ್ಮ ಮಗಳ ಜೊತೆ ತಾನೂ ಅಳಲು ಶುರುಮಾಡಿದಳು. ಕಾಲಿಗೆ ಮುಳ್ಳು ಚುಚ್ಚಿಕೊಂಡವರನ್ನು ನೋಡಿದರೂ ಅಳುವ ಹೆಂಗಸು ಅವಳು. ಮುದ್ದಮ್ಮ ಮಾತ್ರ ಥಟ್ಟನೆ ಎದ್ದು ಅಡಿಗೆಮನೆಗೆ ಹೊರಟಳು. "ಅದಕ್ಯಾಕೆ ಅಳ್ತೀರಿ? ಕಾಫಿಗೆ ನಾಕು ಚಮಚ ಅರಳೆಣ್ಣೆ ಬೆರ್ಸಿ ಕುಡಿಸ್ತೀನಿ. ಸಂಜೆಗಂಟ ನೋವು ತಾನಾಗೇ ಬತ್ತದೆ. ಆಸ್ಪತ್ರೆನೂ ಬ್ಯಾಡ, ಡ್ರಿಪ್ಪೂ ಬ್ಯಾಡ."

"ಅಜ್ಜೀ, ನಿಂತ್ಕೊಳ್ಳಿ!" ಕುಲ್ಸುಮ್ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಆ ಮನೆಯವರು ಯಾವತ್ತೂ ಕೇಳಿರಲಿಲ್ಲ. "ಅರಳೆಣ್ಣೆನೂ ಬ್ಯಾಡ, ಕಷಾಯನೂ ಬ್ಯಾಡ, ಅಂಗ್ಡಿ ಮಾತ್ರೆ ಅಂತೂ ಮುಟ್ಟಂಗೇ ಇಲ್ಲ. ಭೇದಿ ಕಿತ್ಕೊಂಡು ಇವ್ಳು ಸುಸ್ತಾಗಿ ಬಿದ್ರೆ? ನೋವು ಒಂದೇ ಸಮ ಬಂದು ಒಳ್ಗೆ ಮಗಿಗೆ ಉಸ್ರು ಕಟ್ಟುದ್ರೆ ಮನೇಲಿ ಯಾರಿಗೆ ಗೊತ್ತಾಯ್ತದೆ? ಆಸ್ಪತ್ರೇಲಿ ಮಗಿನ ಎದೆ ಬಡಿತ ಕೇಳ್ತಾ ಕೇಳ್ತಾ, ಅಳತೆ ಮೇಲೆ ಔಸ್ದಿ ಕೊಡ್ತಾರೆ. ಜಾಸ್ತಿ ಆದ್ರೆ ನಿಲ್ಲಿಸ್ತಾರೆ. ನಿಮ್ಮ ಅರಳೆಣ್ಣೆನ ಒಟ್ಟೆ ಒಳಿಕೆ ಓದ್ಮೇಲೆ ನಿಲ್ಲಿಸಾಕಾಯ್ತದಾ?"

ಮುದ್ದಮ್ಮ ನಿಂತಲ್ಲಿಂದಲೇ ಪಟ್ಟು ಹಿಡಿದಳು. "ನೀ ಏನಾರ ಅನ್ನು. ಬಾಯಿ ಬುಡದೆ ಇರೋ ಗರ್ಭನ ಬಲವಂತ ಮಾಡ್ಬಾರ್ದು ಕಣಮ್ಮಿ."

ಕುಲ್ಸುಮ್ ಬೋಗುಣಿಯಿಂದ ನೆನೆದ ಕಾಳೊಂದನ್ನು ಎತ್ತಿ ಒತ್ತಿ ಬೇಳೆ ಜಾರಿಸಿದಳು. ಚೀಲದಿಂದ ತೆಗೆದ ಕಾಯಿ ಸುಲಿದು ಹಸಿ ಕಾಳೊಂದನ್ನು ಅಜ್ಜಿಯ ಕೈಗಿಟ್ಟಳು. "ಇದ್ನ ಇದ್ಕಿ ನೋಡುವಾ."

"ಬುದ್ಧಿ ಅದಾ? ನೆನಿದೆ ಇದ್ರೆ ಸಿಪ್ಪೆ ಎಲ್ಲಿ ಬುಡ್ತದೆ? ಬ್ಯಾಳೆ ಮುರ್ದೋಯ್ತದೆ."

"ಅದಕ್ಕೇನ್ ಮಾಡ್ತೀರಿ?"

"ನೆನೆ ಆಕ್ತೀವಿ. ಸಿಪ್ಪೆ ಮೆತ್ಗಾದ್ಮೇಲೆ ಸಲೀಸು..." ಮುದ್ದಮ್ಮಳ ಮಾತು ಅಲ್ಲಿಗೇ ನಿಂತಿತು. ಅವಳು ದಡ್ಡಿಯಲ್ಲ, ಹಟಮಾರಿ ಅಷ್ಟೆ.

"ಅಷ್ಟೇ ಅಜ್ಜಿ, ಅಲ್ಲೂ ಮಾಡಾದು. ಓದ ತಕ್ಷಣ ಯಾರೂ ಎಳ್ದಾಕಲ್ಲ. ಮೊದ್ಲು ಗರ್ಭಕೋಶದ ಬಾಯಿ ಮೆತ್ಗಾಗಾಕೆ ಔಸ್ದಿ ಮಡಗ್ತಾರೆ, ಇಲ್ಲ ಸಣ್ಣ ಬಲೂನಿನಂತದ್ದು ಇಡ್ತಾರೆ. ಆಮ್ಯಾಕೆ ಕಾಯ್ತಾರೆ. ಕೆಲವ್ರಿಗೆ ಅರ್ಧ ದಿನ, ಕೆಲವ್ರಿಗೆ ಎಲ್ಡು ದಿನ. ಬೇಕಾದ್ರೆ ಮಾತ್ರ ಡ್ರಿಪ್ಪು. ಚಂದನ, ನೀ ಕಣ್ಣೊರಸ್ಕೊಂಡು ಕೇಳು. ಆ ದಿನ ಉದ್ದ ಇರ್ತದೆ. ಬ್ಯಾಸ್ರ ಆಯ್ತದೆ. ಗೊತ್ತಿದ್ರೆ ಎದ್ರಿಕೆ ಆಗಾಕಿಲ್ಲ, ಗೊತ್ತಿಲ್ದಿದ್ರೆ 'ಇನ್ನೂ ಆಗ್ಲಿಲ್ವಲ್ಲ, ಏನೋ ಕೆಟ್ಟದಾಗದೆ' ಅಂತ ಅನ್ಸ್ತದೆ."

"ಕುಯ್ದೇ ಬುಡ್ತಾರಂತೆ?" ಚಂದನ ಮೂಗೊರೆಸಿಕೊಂಡು ಕೇಳಿದಳು.

"ನಿಂಗೆ ಸುಳ್ಯಾಕೆ ಯೋಳ್ಲಿ? ಕೆಲವ್ರಿಗೆ ಆಪರೇಷನ್ ಬೇಕಾಯ್ತದೆ. ಆದ್ರೆ ಎಲ್ರಿಗೂ ಆಗಾಕಿಲ್ಲ. ನೋವು ಬರ್ಸುದ್ರೂ ಭಾಳ ಜನ ಮಾಮೂಲಾಗೇ ಎರ್ತಾರೆ. ನಿಂದು ಎಂಗೆ ಅಂತ ಎದುರು ಮನೆಯೋಳಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಡಾಕ್ಟ್ರನ್ನ ಕೇಳು."

"ತಾನಾಗೇ ಬರೋ ಗಂಟ ಕಾದ್ರೆ ಏನು ಕುಲ್ಸುಮಕ್ಕ?"

"ಒಳ್ಗೆ ಮಗಿಗೆ ಊಟ, ಉಸ್ರು ಎಲ್ಲಾ ಕೊಡಾದು ಮಾಸು. ದಿನ ಮೀರ್ತಾ ಮೀರ್ತಾ ಕೆಲವ್ರಿಗೆ ಅದ್ರ ಕಸುವು ಕಮ್ಮಿ ಆಯ್ತದೆ. ಮಗಿನ ಸುತ್ತ ಇರೋ ನೀರೂ ಕಮ್ಮಿ ಆಗ್ಬೋದು. ಮೇಲಿಂದ ನೋಡುದ್ರೆ ಏನೂ ಗೊತ್ತಾಗಾಕಿಲ್ಲ. ಅದಕ್ಕೇ ತಾರೀಖು ಕೊಡಾದು." ಕುಲ್ಸುಮ್ ಅಜ್ಜಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಅಜ್ಜಿ, ಬೇಜಾರ್ ಮಾಡ್ಕೊಬ್ಯಾಡಿ. ಸರ್ವೆಗೆ ಬಂದಾಗೆಲ್ಲ ಎಂಟು ಎತ್ತೆ ಅಂತೀರಿ. ಮಕ್ಳ ಎಸ್ರು ಯೋಳಿ ಅಂದ್ರೆ ಏಳೇ ಯೋಳ್ತೀರಿ."

ಮುದ್ದಮ್ಮ ಬೋಗುಣಿ ಮುಂದೆ ಮತ್ತೆ ಕೂತಳು. ಎರಡು ಕಾಳು ಹಿದುಕಿದಳು.

"ಮೂರ್ನೇದು," ಎಂದಳು. "ದಿನ ಮೀರಿತ್ತು. ಅಣ್ಣಾದ್ರೆ ತಾನೇ ಬೀಳ್ತದೆ ಅಂತ ನಮ್ಮತ್ತೆ ಅಂದ್ರು. ಬತ್ತು. ಉಸ್ರಾಡ್ನಿಲ್ಲ. ಎಸ್ರು ಎಲ್ಲಿಡಾದು ಅದಕ್ಕೆ?"

ಅಂಕಮ್ಮ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಈ ಮಾತನ್ನು ಅವಳು ಕೇಳಿದ್ದು ಅವತ್ತೇ.

ಮುದ್ದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದಳು. ದನಿ ಮತ್ತೆ ಹಳೆಯ ದನಿಯೇ ಆಯಿತು. "ಲೇ ಚಂದನ, ಗುರುವಾರ ಓಯ್ತಾ ಇದ್ದೀಯ. ನಾನೂ ಬತ್ತೀನಿ. ಇನ್ನೊಂದ್ಸಲ ಕಾರ್ಡು ಬಚ್ಚಿಟ್ರೆ ನಿನ್ನೇ ಚೀಲಕ್ಕಾಕಿ ಒಲ್ದುಬುಡ್ತೀನಿ."

ಚಂದನ ಅಳುತ್ತಲೇ ನಕ್ಕಳು.

ಹೋಗಲು ಒಪ್ಪಿದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಇಲ್ಲ. ಕುಲ್ಸುಮಳಿಗೆ ಅದು ಗೊತ್ತಿತ್ತು. "ಎದ್ರಿಕೆ ಎಲ್ರಿಗೂ ಆಯ್ತದೆ ಕಣವ್ವ. ನಂಗೂ ನನ್ನ ಮಗ ಅತೀಕ್ ಉಟ್ಟುವಾಗ ಅಂಗೇ ಆಗಿತ್ತು. ಅದ್ನ ಚೀಲದೊಳಿಕೆ ತುರುಕ್ಬ್ಯಾಡ, ಬಾಯಿಬುಟ್ಟು ಯೋಳು," ಎಂದು ತನ್ನ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟಳು. "ಏನೇನು ಎದ್ರಿಕೆ ಅದೆಯೋ ಎಲ್ಲಾ ಬರಿ. ನಾಳೆ ಮಂಡ್ಯಕ್ಕೆ ಫೋನ್ ಮಾಡಿ ನಾನು ಸಿಸ್ಟರ್ ಜೊತೆ ಮಾತಾಡಿಸ್ತೀನಿ."

ಚಂದನ ಬರೆದಳು. ನೋವು ತಡೆಯಲು ಆಗದಿದ್ದರೆ ಏನು ಕೊಡುತ್ತಾರೆ? ಜೊತೆಗೆ ಯಾರಾದರೂ ಇರಬಹುದೇ? ಓಡಾಡಬಹುದೇ, ತಿನ್ನಬಹುದೇ? ಔಷಧಿ ಕೆಲಸ ಮಾಡದಿದ್ದರೆ ಮುಂದೇನು? ತಲೆಯೊಳಗೆ ಇದ್ದಾಗ ಇಡೀ ಊರಿನಷ್ಟು ದೊಡ್ಡದಾಗಿದ್ದ ಭಯ, ಬರೆದು ನೋಡಿದರೆ ಅರ್ಧ ಹಾಳೆಯೂ ತುಂಬಲಿಲ್ಲ. ಬುಧವಾರ ಸಿಸ್ಟರ್ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಹೇಳಿದರು. ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದರು. ಅಂಕಮ್ಮ ಬಾಯಿ ತೆರೆಯುವ ಮೊದಲೇ ಚಂದನ ಹೇಳಿದಳು, "ಅಜ್ಜಿ ಬರ್ಲಿ. ಅವ್ವ ಬಂದ್ರೆ ಅವಳ್ನ ನಾನು ಸಮಾಧಾನ ಮಾಡ್ಬೇಕಾಯ್ತದೆ."

ಚಂದನಳ ಫೋನನ್ನು ಯತೀಶನಿಗೆ ಒಪ್ಪಿಸಲಾಯಿತು. ಬುಧವಾರ ಸಂಜೆ ಬೈಕಿನಲ್ಲಿ ಬಂದಿಳಿದ ಅವನಿಗೆ ಕುಲ್ಸುಮ್ ಹೇಳಿದ್ದು ಒಂದೇ ಕೆಲಸ: "ಯಾರು ಫೋನ್ ಮಾಡುದ್ರೂ ನೀವೇ ಮಾತಾಡಿ. ಇವ್ಳಿಗೆ ವೀಡಿಯೋನೂ ಬ್ಯಾಡ, ಊರೋರ ಕತೆನೂ ಬ್ಯಾಡ. ಇವತ್ತು ಚೆಂದಾಗಿ ಉಂಡು ಮಲಗ್ಲಿ. ಒಟ್ಟೆ ಒಳ್ಗೆ ಮಗ ಆಡೋದು ಕಮ್ಮಿ ಆದ್ರೆ, ನೀರು ಒಡುದ್ರೆ, ರಕ್ತ ಕಂಡ್ರೆ, ತಲೆನೋವು ಬಂದು ಕಣ್ಣು ಮಂಜಾದ್ರೆ ಗುರುವಾರಕ್ಕೂ ಕಾಯ್ಬ್ಯಾಡಿ. ತಕ್ಷಣ ನೂರಾ ಎಂಟಕ್ಕೆ ಫೋನ್ ಮಾಡಿ." ಯತೀಶ ಅಷ್ಟನ್ನೂ ಬಸ್ಸಿನ ಬ್ರೇಕು ನೋಡುವಷ್ಟು ಗಮನ ಕೊಟ್ಟು ಕೇಳಿ, ಎರಡು ಸಲ ಒಪ್ಪಿಸಿದ. ಆಮೇಲೆ ಹೊರಗೆ ಹೋಗಿ ತಾನೇ ಒಂದು ಚೊಂಬು ನೀರು ಕುಡಿದ.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮುದ್ದಮ್ಮಳ ಕೈಚೀಲ ಬಿಚ್ಚಿದ ಸಿಸ್ಟರ್ ಬೆರಗಾದರು. ಮಗುವಿಗೆ ಹಳೆಯ ಮೆತ್ತನೆ ಬಟ್ಟೆ, ಸೀರೆ, ತಾಯಿ ಕಾರ್ಡು. ಅದರ ಪಕ್ಕದಲ್ಲಿ ಒಂದು ದೊಡ್ಡ ಟಿಫನ್ ಡಬ್ಬಿಯ ತುಂಬ ನೆನೆದ ಅವರೆಕಾಳು.

"ಏನಜ್ಜಿ ಇದು? ಆಸ್ಪತ್ರೆನಾ, ಸಂತೆನಾ?"

"ನೀವೇ ತಾನೆ ಭಾಳ ಒತ್ತಾಯ್ತದೆ ಅಂದೋರು? ಕೈ ಸುಮ್ನಿದ್ರೆ ತಲೆ ಕುಣೀತದೆ ಕಣವ್ವ. ನಮ್ ಮೊಗ ಇದ್ಕ್ತಾ ಕುಂತಿರ್ಲಿ."

ಸಿಸ್ಟರ್ ನಗು ತಡೆದುಕೊಂಡರು. ಹೆರಿಗೆ ಕೋಣೆಯೊಳಗೆ ತರುವಂತಿಲ್ಲ, ಹೊರಗಿನ ಬೆಂಚಿನ ಮೇಲೆ ಮಾತ್ರ, ಒಂದು ಸಿಪ್ಪೆ ನೆಲಕ್ಕೆ ಬಿದ್ದರೂ ಅಜ್ಜಿಯೇ ಗುಡಿಸಬೇಕು ಎಂದು ಅಪ್ಪಣೆಯಾಯಿತು.

ಹನ್ನೊಂದು ಗಂಟೆಗೆ ಔಷಧಿ ಇಟ್ಟರು. ಮಗುವಿನ ಎದೆಬಡಿತ ಕೇಳಿಸಿದರು. ಟಕ ಟಕ ಟಕ ಎಂದು ಕುದುರೆ ಓಡಿದ ಸದ್ದು. ಆ ಸದ್ದು ಕೇಳಿಯೇ ಚಂದನಳ ಅರ್ಧ ಭಯ ಇಳಿಯಿತು. ಆಮೇಲೆ ಅವಳು ಬೆಂಚಿನ ಮೇಲೆ ಕೂತಳು. ಒಂದು ಕಾಳು ಹಿದುಕಿದಾಗ ಒಂದು ಉಸಿರು. ಮೂಗಲ್ಲಿ ಎಳೆದುಕೊಂಡು, ಬಾಯಲ್ಲಿ ಬಿಸಿ ಸಾರು ಆರಿಸುವ ಹಾಗೆ ನಿಧಾನವಾಗಿ ಊದಿ ಬಿಡುವುದು. ಕುಲ್ಸುಮ್ ಹೇಳಿಕೊಟ್ಟದ್ದು ಅದು. ಬೇಜಾರಾದರೆ ವೆರಾಂಡದಲ್ಲಿ ನಾಲ್ಕು ಹೆಜ್ಜೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ನಿಡಘಟ್ಟದ ಬಸುರಿಯೊಬ್ಬಳು, "ನಂಗೂ ಒಂದೀಟು ಕೊಡಿ ಅಜ್ಜಿ," ಎಂದು ಕೈ ಚಾಚಿದಳು. ಅವಳಿಗೂ ಅವತ್ತೇ ತಾರೀಖಿತ್ತು.

ಗುರುವಾರ ಕಳೆಯಿತು. ಮಗು ಜಪ್ಪಯ್ಯ ಎನ್ನಲಿಲ್ಲ. ಯತೀಶನ ಫೋನಿಗೆ ಮೂವತ್ತೊಂದು ಜನ, "ಇನ್ನೂ ಆಗ್ಲಿಲ್ವಾ?" ಎಂದು ಕೇಳಿದರು. ಮೂವತ್ತೊಂದನೆಯವನಿಗೆ ಅವನು, "ನೆನೀತಾ ಅದೆ ಕಣ್ಲಾ," ಎಂದ. ಕೇಳಿದವನಿಗೆ ಏನೂ ಅರ್ಥವಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಗರ್ಭಕೋಶದ ಬಾಯಿ ಮೆತ್ತಗಾಗಿದೆ ಎಂದರು ಡಾಕ್ಟರಮ್ಮ. ಡ್ರಿಪ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನೋವು ಬಂತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಆಯಿತು. ಆದರೆ ಹಾಳೆಯಲ್ಲಿ ಬರೆದಿದ್ದ ಮೊದಲ ಪ್ರಶ್ನೆ ಚಂದನಳಿಗೆ ನೆನಪಿತ್ತು. "ಸಿಸ್ಟರ್, ತಡಿಯಾಕಾಯ್ತಿಲ್ಲ," ಎಂದು ಬಾಯಿಬಿಟ್ಟು ಹೇಳಿದಳು. ಅವರು ಡಾಕ್ಟರನ್ನು ಕೇಳಿ ನೋವು ಇಳಿಯುವ ಇಂಜೆಕ್ಷನ್ ಕೊಟ್ಟರು. ಒಳಗೆ ಅವರೆಕಾಳು ಇರಲಿಲ್ಲವಲ್ಲ, ಅವಳು ಅಜ್ಜಿಯ ಕೈಯನ್ನೇ ಹಿಡಿದು ಹಿಚುಕಿದಳು.

"ಉಸ್ರು ಬುಡು... ಇನ್ನೊಂದ್ಸಲ... ಅಯ್ಯೋ ನಿನ್ ಮನೆ ಕಾಯ್ವೋಗ, ನನ್ ಬೆರ್ಳೇನು ಅವರೆಕಾಳಲ್ಲ ಕಣಮ್ಮೀ!"

ಹೆರಿಗೆ ಕೋಣೆಯಲ್ಲಿದ್ದ ಎಲ್ಲರೂ ನಕ್ಕರು. ಚಂದನಳೂ ನಕ್ಕಳು. ಸಂಜೆ ನಾಲ್ಕೂ ಹತ್ತಕ್ಕೆ ಹೆಣ್ಣು ಮಗು ಹುಟ್ಟಿತು. ಮೂರು ಕೆಜಿ ಇನ್ನೂರು ಗ್ರಾಂ. ಹುಟ್ಟಿದ ಕೂಡಲೇ ವೆರಾಂಡದವರೆಗೂ ಕೇಳುವ ಹಾಗೆ ಕಿರುಚಿತು. ಮುದ್ದಮ್ಮ ಆ ಕಿರುಚಾಟವನ್ನು ಕಣ್ಣು ಮುಚ್ಚಿಕೊಂಡು ಕೇಳಿದಳು. "ಅಳ್ಲಿ, ಅಳ್ಲಿ," ಎಂದಳು. "ಇನ್ನೂ ಜೋರಾಗಿ ಅಳ್ಲಿ."

ಹೊರಗೆ ಕೂತಿದ್ದ ಅಂಕಮ್ಮ ಎಂದಿನಂತೆ ಅತ್ತಳು. ಈ ಸಲ ಯತೀಶನೂ ಜೊತೆಗೂಡಿದ.

ಚಂದನ ಮಗುವಿನೊಂದಿಗೆ ಮನೆಗೆ ಬಂದ ದಿನ ಆತಗೂರಿನ ಆ ಮನೆಯಲ್ಲಿ ಹಿದುಕಿದ ಬೇಳೆಯ ಸಾರು, ರಾಗಿಮುದ್ದೆ. ಕುಲ್ಸುಮ್ ಬಂದು ಉಂಡಳು. ಎದುರು ಮನೆಯವಳೂ ಉಂಡಳು. ಸಾರಿನ ವಾಸನೆ ಮೂಗಿಗೆ ಬಡಿದು ಚಂದನ ಒಳಗಿನಿಂದ ಕೂಗಿದಳು, "ಅಜ್ಜಿ, ನಂಗೂ ಒಂದು ಬಟ್ಲು!"

"ಬಾಣಂತಿಗೆ ಅವರೆ ವಾಯು. ನಿಂಗಿಲ್ಲ."

"ಅಷ್ಟೊಂದು ಕೈಯಾರ ಇದ್ಕುದ್ದು ನಾನಲ್ವಾ?"

"ಇದ್ಕುದ್ದಕ್ಕೆ ಮಗ ಸಿಕ್ತಲ್ಲ, ಸಾರು ಬೇರೆ ಬೇಕಾ?"

"ಅಜ್ಜಿ, ಒಂದೀಟು ತಿಂದ್ರೆ ಏನೂ ಆಗಾಕಿಲ್ಲ," ಎಂದು ಕುಲ್ಸುಮ್ ಬಟ್ಟಲು ತುಂಬಿಸಿಕೊಂಡು ಎದ್ದಳು. ಮುದ್ದಮ್ಮ ಗೊಣಗಿದಳು, ಆದರೆ ತಡೆಯಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರೊಬ್ಬರು ಇಣುಕಿ ಕೇಳಿದರು, "ಆಯ್ತಾ?"

"ಆಯ್ತು!" ಎಂದರು ಮನೆಯವರೆಲ್ಲ ಒಟ್ಟಿಗೆ.

ಕೇಳಿಸಿಕೊಂಡಿರಲ್ಲ ಅಕ್ಕಂದಿರೇ, ಅಜ್ಜಿಯರೇ, ಗಂಡಸರೇ? ನಿಮ್ಮ ಮನೆಯ ಬಸುರಿಗೆ ಡಾಕ್ಟರು ತಾರೀಖು ಕೊಟ್ಟರೆ ಅದನ್ನು ಮುಂದೂಡಬೇಡಿ, ಮನೆಮದ್ದು ಕುಡಿಸಬೇಡಿ. ಭಯವಾದರೆ ಆಸ್ಪತ್ರೆಯವರನ್ನು ಕೇಳಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಿದರೆ ಯಾರೂ ನಿಮ್ಮನ್ನು ದಡ್ಡರೆನ್ನುವುದಿಲ್ಲ. ಅವಳ ಜೊತೆಗೆ ಧೈರ್ಯ ಇರುವ ಒಬ್ಬರನ್ನು ಕಳಿಸಿ, ಅವಳ ಕೈಗೆ ಒಂದು ಸಣ್ಣ ಕೆಲಸ ಕೊಡಿ, ಮಗುವಿನ ಓಡಾಟ ಕಡಿಮೆಯಾದರೆ ಒಂದು ನಿಮಿಷವೂ ತಡಮಾಡಬೇಡಿ. ಇನ್ನು ಬೀದಿಯಲ್ಲಿ ಹೋಗುವವರಿಗೂ ಒಂದು ಮಾತು: ದಿನ ತುಂಬಿದವಳನ್ನು ಕಂಡಾಗ "ಇನ್ನೂ ಆಗ್ಲಿಲ್ವಾ?" ಎನ್ನುವುದನ್ನು ಬಿಟ್ಟು, "ಉಂಡ್ಯಾ ಮಗ? ಚೆಂದಾಗಿ ನಿದ್ದೆ ಬಂತಾ?" ಎಂದು ಕೇಳಿ. ಹೆರಿಗೆಯನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಧೈರ್ಯ ಮಾತ್ರ ನೀವೇ ಕೊಡಬೇಕು.